ಉಸ್ತಾನಿಗೆ ಜಮಾಅತಿನ ಲೆಕ್ಕದಲ್ಲಿ ಜಾಗವೆಲ್ಲಿ?

ನವಲಗುಂದದ ಜಮಖಾನೆ ನಾಡಿಗೆಲ್ಲ ಗೊತ್ತು. ಅದನ್ನು ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ನಮಾಜಿಗೆ ಹಾಸುವ ಜಾನಮಾಜ್ ಕೂಡ ಅವರ ಕೈಯಿಂದಲೇ ತಯಾರಾಗುತ್ತ ಬಂದಿದೆ. ಆ ಹಾಸಿನ ಮೇಲೆ ಸಜ್ದಾ ಮಾಡುವ ಗಂಡಸರು, ನೇಯ್ದವಳಿಗೆ ದೀನಿನ ಕೆಲಸದಲ್ಲಿ ಏನು ಸ್ಥಾನ ಕೊಟ್ಟಿದ್ದಾರೆ? ನಾವು ಕೇಳಬೇಕಾದ ಪ್ರಶ್ನೆ ಇದು.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸುತ್ತಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಅಲಿಫ್, ಬೇ ಹೇಳಿಕೊಡುವವರು ಯಾರು? ಹಗಲೆಲ್ಲ ಹತ್ತಿ, ಮೆಣಸಿನಕಾಯಿ ಬಿಡಿಸಿ ಬಂದು, ಸಂಜೆ ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತುಕೊಳ್ಳುವ ಉಸ್ತಾನಿ. ಮಕ್ಕಳ ಬಾಯಲ್ಲಿ ಅವಳು ಆಪಾ. ವುಜೂ, ನಮಾಜ್, ರೋಜಾದ ನಿಯಮಗಳನ್ನು ಕಲಿಸುವವಳು ಅವಳು. ಊರಿನಲ್ಲಿ ಹೆಂಗಸೊಬ್ಬಳು ತೀರಿಕೊಂಡರೆ ಮಯ್ಯತ್ತಿಗೆ ಗುಸಲ್ ಕೊಟ್ಟು ಕಫನ್ ಹೊದಿಸಲು ಕರೆಸುವುದೂ ಇಂಥವಳನ್ನೇ. ಅಷ್ಟರ ಮಟ್ಟಿಗೆ ಶರೀಅತ್ ಬಲ್ಲವಳು ಎಂದು ಒಪ್ಪಿಕೊಂಡ ಮೇಲೆ, ಬದುಕಿರುವವರ ವಿಚಾರ ಬಂದಾಗ ಅವಳನ್ನು ಕೇಳುವುದಿಲ್ಲವೇಕೆ?

2025ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಪೇಶ್ ಇಮಾಮರ ಗೌರವಧನವನ್ನು ತಿಂಗಳಿಗೆ 6,000 ರೂಪಾಯಿಗೆ, ಮುಅಜ್ಜಿನರದನ್ನು 5,000 ರೂಪಾಯಿಗೆ ಏರಿಸಿತು. ಒಳ್ಳೆಯದೇ ಆಯಿತು, ಅವರದೂ ಬಡತನದ ಬದುಕು. ಆದರೆ ಆ ಘೋಷಣೆಯಲ್ಲಿ ಉಸ್ತಾನಿ ಎಂಬ ಪದವೇ ಇರಲಿಲ್ಲ. ಸರ್ಕಾರವನ್ನು ದೂರಿ ಏನು ಫಲ? ಜಮಾಅತಿನ ಜಮಾಖರ್ಚಿನ ಪುಸ್ತಕದಲ್ಲೇ ಇಲ್ಲದ ಹೆಸರು ಸರ್ಕಾರದ ಕಡತಕ್ಕೆ ಎಲ್ಲಿಂದ ಬರಬೇಕು?

ಇದೆಲ್ಲ ಹೊಸ ಕಾಲದ ಫಿತ್ನಾ ಎನ್ನುವವರಿದ್ದಾರೆ. ಅವರಿಗೆ ಹಳೆಯ ಕಾಲದ ಸಂಗತಿಗಳನ್ನೇ ನೆನಪಿಸೋಣ. ಹಜರತ್ ಆಯಿಶಾ ಅವರಿಂದ ನಮಗೆ ದೊರೆತ ಹದೀಸುಗಳು ಎರಡು ಸಾವಿರಕ್ಕೂ ಹೆಚ್ಚು. ಹಿರಿಯ ಸಹಾಬಿಗಳೂ ಅವರ ಬಳಿ ಬಂದು ಕೇಳಿ ತಿಳಿಯುತ್ತಿದ್ದರು. ಅಬೂಬಕರ್ ಅವರ ಕಾಲದಲ್ಲಿ ಸಂಕಲಿಸಿದ ಕುರ್‌ಆನಿನ ಪ್ರತಿ ಉಮರ್ ಅವರ ನಂತರ ಇದ್ದದ್ದು ಹಜರತ್ ಹಫ್ಸಾ ಅವರ ವಶದಲ್ಲಿ. ಖಲೀಫ ಉಸ್ಮಾನ್ ಪ್ರತಿಗಳನ್ನು ಮಾಡಿಸಲು ಅದನ್ನು ತರಿಸಿಕೊಂಡದ್ದು ಅವರಿಂದಲೇ. ಹನ್ನೊಂದನೆಯ ಶತಮಾನದ ಮಕ್ಕಾದಲ್ಲಿ ಕರೀಮಾ ಮರ್ವಜಿಯಾ ಎಂಬ ವಿದುಷಿ ಸಹೀಹ್ ಬುಖಾರಿಯ ಪಾಠ ಹೇಳುತ್ತಿದ್ದರು. ಬಗ್ದಾದಿನ ದೊಡ್ಡ ವಿದ್ವಾಂಸರು ಅವರ ಮುಂದೆ ಕುಳಿತು ಕಲಿತರು. ಮಕ್ಕಾದಲ್ಲಿ ಸಲ್ಲುವುದು ಕುಂದಗೋಳದಲ್ಲಿ ಸಲ್ಲದೇ?

ನಮ್ಮ ಕರ್ನಾಟಕದ್ದೇ ಒಂದು ಪಾಠವಿದೆ. ಮುಸ್ಲಿಂ ಹೆಣ್ಣುಮಕ್ಕಳಿಗೆ ಮಸೀದಿ ಪ್ರವೇಶದ ಹಕ್ಕಿದೆ ಎಂದದ್ದಕ್ಕೆ 2000ದಲ್ಲಿ ಹಾಸನದ ಲೇಖಕಿ ಬಾನು ಮುಷ್ತಾಕ್ ಸಾಮಾಜಿಕ ಬಹಿಷ್ಕಾರ ಅನುಭವಿಸಬೇಕಾಯಿತು. 2020ರಲ್ಲಿ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ ಸುಪ್ರೀಂ ಕೋರ್ಟಿಗೆ, ಹೆಂಗಸರು ನಮಾಜಿಗೆ ಮಸೀದಿಗೆ ಬರಲು ಇಸ್ಲಾಮಿನಲ್ಲಿ ಅಡ್ಡಿಯಿಲ್ಲ ಎಂದು ತಿಳಿಸಿತು. ಇಪ್ಪತ್ತು ವರ್ಷ ತಡವಾಗಿ ಒಪ್ಪಿದ ಸತ್ಯಕ್ಕೆ ಬೆಲೆ ತೆತ್ತವರು ಯಾರು?

ಇಮಾಮತ್ತಿಗಾಗಿ ಜಗಳ ಹೂಡಲು ನಾವು ಬಂದಿಲ್ಲ. ನಾವು ಕೇಳುವುದು ಇಲ್ಮಿನ ಗೌರವ. ನವಲಗುಂದದ ನೇಕಾರ ಮನೆತನಗಳಲ್ಲಿ ಹಿಂದೆ ಒಂದು ರೂಢಿಯಿತ್ತು: ಮಗಳು ಮದುವೆಯಾಗಿ ಹೋದರೆ ಗುಟ್ಟೂ ಅವಳ ಬೆನ್ನಿಗೆ ಹೋದೀತೆಂದು ಕಲೆಯನ್ನು ಸೊಸೆಗೆ ಕಲಿಸುತ್ತಿದ್ದರು, ಮಗಳಿಗಲ್ಲ. ಇಂದು ಆ ಮಗ್ಗಗಳ ಮುಂದೆ ಕೂರುವವರು ಬೆರಳೆಣಿಕೆಯಷ್ಟು. ಇದಕ್ಕೆ ಕೂಲಿ, ಮಾರುಕಟ್ಟೆಯ ಕಾರಣಗಳೂ ಉಂಟು. ಆದರೂ ಮಗಳಿಂದ ಮುಚ್ಚಿಟ್ಟ ವಿದ್ಯೆ ಎಷ್ಟು ದಿನ ಬಾಳೀತು? ಹುನ್ನರಿನ ಮಾತು ಹೀಗಾದರೆ ದೀನಿನ ಗತಿಯೇನು?

ಆದ್ದರಿಂದ ಜಮಾಅತಿನ ಹಿರಿಯರಲ್ಲಿ ನಮ್ಮ ಬೇಡಿಕೆ ಸ್ಪಷ್ಟ. ಉಸ್ತಾನಿಯ ಹೆಸರು ದಫ್ತರಿನಲ್ಲಿ ದಾಖಲಾಗಲಿ. ತಿಂಗಳಿಗಿಷ್ಟೆಂದು ಗೌರವಧನ ಗೊತ್ತಾಗಲಿ. ಚೆನ್ನಾಗಿ ಓದುವ ಹುಡುಗಿಯನ್ನು ಆಲಿಮಾ ಮಾಡಲು ಜಕಾತಿನ ಹಣದಲ್ಲಿ ನೆರವು ಸಿಗಲಿ. ರಾಜ್ಯ ವಕ್ಫ್ ಮಂಡಳಿಯಲ್ಲಿ ಇಬ್ಬರು ಮಹಿಳೆಯರು ಇರಲೇಬೇಕೆಂದು 2013ರಿಂದ ಕಾನೂನೇ ಹೇಳಿದೆ. ಊರಿನ ಕಮಿಟಿಯಲ್ಲೂ ಇಬ್ಬರು ಕೂರಲಿ. ರಮಜಾನಿನಲ್ಲಿ ತರಾವೀಹ್ ಓದಿದ ಹಾಫಿಜರಿಗೆ ಮನೆಮನೆಗೆ ಹೋಗಿ ಚಂದಾ ಎತ್ತುತ್ತಾರಲ್ಲ, ವರ್ಷವಿಡೀ ಓದಿಸಿದವಳಿಗೂ ಅದರಲ್ಲಿ ಪಾಲಿರಲಿ. ಇದು ದಾನವಲ್ಲ, ಬಾಕಿ. ಸಾಲ ಉಳಿಸಿಕೊಂಡು ಸತ್ತವನ ಜನಾಜಾ ನಮಾಜಿಗೆ ನಿಲ್ಲಲು ಪ್ರವಾದಿಯವರೇ ಹಿಂಜರಿದಿದ್ದರೆಂಬುದನ್ನು ನಮ್ಮ ಹಿರಿಯರು ಬಲ್ಲರು.