ಕೋಡ್ ತೆರೆದಿಟ್ಟಿದ್ದು ತಪ್ಪಲ್ಲ, ಸುದ್ದಿ ಮುಚ್ಚಿಡೋದು ತಪ್ಪು

ಗೆಳೆಯರೇ, ಸ್ವಲ್ಪ ಉದ್ದದ ಪೋಸ್ಟ್. ಕಂಪ್ಯೂಟರ್ ವಿಷಯ ಅಂತ ದಾಟಿ ಹೋಗಬೇಡಿ. ನಮ್ಮೆಲ್ಲರ ದಾಖಲೆಗಳಿಗೆ ಸಂಬಂಧಪಟ್ಟಿದ್ದು.

ಎಲ್ಲಾದರೂ ಸರ್ವರ್ ಹ್ಯಾಕ್ ಆಯ್ತು ಅಂದ ಕೂಡಲೇ ಕೆಲವರು ಹೇಳೋ ಮಾತು: "ಓಪನ್ ಸೋರ್ಸ್ ಅಲ್ವಾ, ಪುಕ್ಕಟೆ ಸಾಫ್ಟ್‌ವೇರ್, ಹಾಗೇ ಆಗೋದು." ಈ ಮಾತನ್ನು ನಾನು ಒಪ್ಪಲ್ಲ. ಯಾಕೆ ಅಂತ ತಿಳಿಯೋಕೆ 2020ರ ಸಾಲ್ಟ್ ಪ್ರಕರಣ ನೋಡೋಣ.

ನೂರಾರು, ಸಾವಿರಾರು ಸರ್ವರ್‌ಗಳನ್ನು ಒಂದೇ ಕಡೆಯಿಂದ ನಡೆಸುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಈ ಸಾಲ್ಟ್. ಇದರ ಹಿಂದೆ ಇದ್ದದ್ದು ಸಾಲ್ಟ್‌ಸ್ಟ್ಯಾಕ್ ಎಂಬ ಅಮೆರಿಕದ ಕಂಪನಿ. ಮಧ್ಯದಲ್ಲಿ ಒಂದು 'ಮಾಸ್ಟರ್', ಅದರ ಕೆಳಗೆ 'ಮಿನಿಯನ್'ಗಳು. ಮಿನಿಯನ್ ಅಂದ್ರೆ ಹೇಳಿದ್ದು ಕೇಳೋ ಆಳು. ಮಾಸ್ಟರ್ ಕಡೆಯಿಂದ ಬಂದ ಆದೇಶವನ್ನು ಮಿನಿಯನ್ ಮರುಮಾತಿಲ್ಲದೆ ನಡೆಸಿಬಿಡುತ್ತೆ. ಆದ್ದರಿಂದ ಮಾಸ್ಟರ್ ಯಾರ ಕೈಗೆ ಸಿಗುತ್ತೋ ಎಲ್ಲಾ ಸರ್ವರ್‌ಗಳೂ ಅವರ ಕೈಗೇ.

ದೋಷ ಏನಿತ್ತು ಅಂತ ಆಫೀಸಿನ ಭಾಷೆಯಲ್ಲಿ ಹೇಳ್ತೀನಿ. ನಮ್ಮಲ್ಲಿ ಆದೇಶಕ್ಕೆ ಸಹಿ ಇರಬೇಕು, ಮೊಹರು ಇರಬೇಕು, ಇಲ್ಲದಿದ್ರೆ ಕಡತ ಮುಂದಕ್ಕೆ ಹೋಗಲ್ಲ. ಸಾಲ್ಟ್ ಮಾಸ್ಟರ್‌ನಲ್ಲಿ, ಗುರುತು ಇನ್ನೂ ಖಾತ್ರಿಯಾಗದವರ ಮನವಿ ತಗೊಳ್ಳೋಕೆ ಒಂದು ಕಿಟಕಿ ಇತ್ತು. ಆ ಕಿಟಕಿಯಲ್ಲಿ ಇಂತಿಷ್ಟೇ ಕೇಳಬಹುದು ಅನ್ನೋ ಮಿತಿಯನ್ನು ಕೋಡ್‌ನಲ್ಲಿ ಸರಿಯಾಗಿ ಹಾಕಿರಲಿಲ್ಲ. ಹಾಗಾಗಿ ಹೊರಗಿನವರು ಯಾರೇ ಆಗಲಿ ಅಲ್ಲಿ ನಿಂತು ಸಾಹೇಬರ ಮೊಹರನ್ನೇ ಕೇಳಿ ಪಡೆಯಬಹುದಿತ್ತು. ಎಲ್ಲಾ ಮಿನಿಯನ್‌ಗಳಿಗೂ ಆದೇಶ ಕಳಿಸಬಹುದಿತ್ತು. ಪಾಸ್‌ವರ್ಡ್ ಬೇಕೇ ಇರಲಿಲ್ಲ. ಕಂಡುಹಿಡಿದವರು ಇದರ ತೀವ್ರತೆಗೆ ಕೊಟ್ಟ ಅಂಕ 10ಕ್ಕೆ 10.

ಕಂಡುಹಿಡಿದದ್ದು ಫಿನ್ಲೆಂಡಿನ ಎಫ್-ಸೆಕ್ಯೂರ್ ಕಂಪನಿಯವರು. ಮಾರ್ಚ್‌ನಲ್ಲೇ ಸಾಲ್ಟ್‌ಸ್ಟ್ಯಾಕ್‌ಗೆ ತಿಳಿಸಿದರು. ಏಪ್ರಿಲ್ 29ಕ್ಕೆ ದುರಸ್ತಿಯಾದ ಆವೃತ್ತಿ ಬಂತು. 30ನೇ ತಾರೀಕು, ಗುರುವಾರ, ವಿಷಯ ಬಹಿರಂಗವಾಯ್ತು. ಇಂಟರ್ನೆಟ್ಟಿಗೆ ನೇರ ತೆರೆದುಕೊಂಡ 6,000ಕ್ಕೂ ಹೆಚ್ಚು ಸಾಲ್ಟ್ ಮಾಸ್ಟರ್‌ಗಳು ತಮಗೆ ಕಂಡಿವೆ, ನುರಿತ ಹ್ಯಾಕರ್‌ಗೆ ಒಂದು ದಿನ ಸಾಕು ಅಂತಲೂ ಎಚ್ಚರಿಸಿದರು.

ಮಾರನೇ ದಿನ ಶುಕ್ರವಾರ, ಮೇ 1. ಆಮೇಲೆ ಶನಿವಾರ, ಭಾನುವಾರ. ಆ ವಾರಾಂತ್ಯದಲ್ಲೇ ದಾಳಿ ಆಯ್ತು. ಮೊಬೈಲ್‌ಗೆ ಉಚಿತ ಸಿಸ್ಟಂ ಮಾಡುವ ಲಿನಿಯೇಜ್ ಓಎಸ್, ಬ್ಲಾಗ್ ನಡೆಸೋ ವೇದಿಕೆ ಘೋಸ್ಟ್, ಎರಡರ ಸರ್ವರ್‌ಗೂ ನುಗ್ಗಿದರು. ಘೋಸ್ಟ್‌ನಲ್ಲಿ ಕಳ್ಳರು ಮಾಡಿದ್ದು ಕ್ರಿಪ್ಟೋ ನಾಣ್ಯ ಅಗೆಯೋ ಕೆಲಸ. ದುಡ್ಡಿಗೆ ಕೊರತೆ ಇಲ್ಲದ ಸಿಸ್ಕೊ ಕಂಪನಿಯೂ ತನ್ನ 6 ಸರ್ವರ್‌ಗೆ ಇದೇ ದೋಷದಿಂದ ನುಗ್ಗಿದ್ದಾರೆ ಅಂತ ಮೇ ಕೊನೆಯಲ್ಲಿ ಹೇಳಿತು.

ಈಗ ಯೋಚನೆ ಮಾಡಿ. ಔಷಧಿ ತಯಾರಾಗಿತ್ತು, ಪುಕ್ಕಟೆಯಾಗಿಯೇ ಸಿಗುತ್ತಿತ್ತು. ಕೊರತೆ ಇದ್ದದ್ದು ಅದನ್ನು ಅವತ್ತೇ ಹಾಕೋ ಕೈಗಳದ್ದು. ಹೌದು, ಕೋಡ್ ತೆರೆದಿದ್ರೆ ದುರಸ್ತಿ ಎಲ್ಲಿ ಮಾಡಿದ್ದಾರೆ ಅಂತ ಕಳ್ಳನೂ ಓದ್ತಾನೆ. ಆದರೆ ಮುಚ್ಚಿದ ಕೋಡ್‌ನಲ್ಲೂ ದೋಷ ಇರುತ್ತೆ, ಹೊರಗಿನವರು ತಪಾಸಣೆ ಮಾಡೋದು ಮಾತ್ರ ಕಷ್ಟ ಆಗುತ್ತೆ. ಇನ್ನೊಂದು ಮುಖ್ಯ ವಿಷಯ: ಲಿನಿಯೇಜ್, ಘೋಸ್ಟ್ ಇಬ್ಬರೂ ಏನಾಯ್ತು ಅಂತ ತಡಮಾಡದೆ ಬಳಕೆದಾರರ ಮುಂದೆ ಬಹಿರಂಗವಾಗಿ ಹೇಳಿದರು. ಬಚ್ಚಿಡಲಿಲ್ಲ.

ನಮ್ಮಲ್ಲಿಗೆ ಬನ್ನಿ. ಸರ್ಕಾರಿ ಕೆಲಸಕ್ಕೆ ಓಪನ್ ಸೋರ್ಸ್‌ಗೆ ಆದ್ಯತೆ ಕೊಡಬೇಕು ಅನ್ನೋದು ಭಾರತ ಸರ್ಕಾರದ 2015ರ ನೀತಿ. ಒಳ್ಳೇದೇ, ಜನರ ದುಡ್ಡು ಲೈಸೆನ್ಸಿಗೆ ಹೋಗಬಾರದು. ಆದರೆ ಹಾಗೆ ಉಳಿದ ದುಡ್ಡಲ್ಲಿ ಸರ್ವರ್ ನೋಡಿಕೊಳ್ಳೋಕೆ ಜನ ಬೇಕಲ್ಲ? ನಾನು ಕಂಡ ಹಾಗೆ ಕಂಪ್ಯೂಟರ್ ನೋಡಿಕೊಳ್ಳೋ ಹುಡುಗರು ಹೊರಗುತ್ತಿಗೆಯವರು. ಸಂಬಳ ಎರಡು ಮೂರು ತಿಂಗಳಿಗೊಮ್ಮೆ. ಹೊಸ ಆ್ಯಪ್ ಉದ್ಘಾಟನೆಯಾದ್ರೆ ವೇದಿಕೆ ಮೇಲೆ ಹಾರ, ಶಾಲು. ರಾತ್ರಿ ಕೂತು ಪ್ಯಾಚ್ ಹಾಕಿದವನ ಹೆಸರು ಯಾರಿಗೂ ಗೊತ್ತಿಲ್ಲ. ಚೊಕ್ಕಟ ಮಾಡೋ ಕೆಲಸಕ್ಕೆ ಈ ದೇಶದಲ್ಲಿ ಎಷ್ಟು ಬೆಲೆ ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ಇನ್ನು ಸುದ್ದಿ ತಿಳಿಸೋ ವಿಚಾರ. 2022ರ ನಿರ್ದೇಶನದ ಪ್ರಕಾರ ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕು. ಸರಿ. ಆದರೆ 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅದೇ ಸರ್ಟ್-ಇನ್ ಅನ್ನು ಮಾಹಿತಿ ಹಕ್ಕು ಕಾಯ್ದೆಯ ವಿನಾಯಿತಿ ಪಟ್ಟಿಗೆ ಸೇರಿಸಿತು. ಅಂದ್ರೆ ವರದಿ ಮೇಲಕ್ಕೆ ಹೋಗುತ್ತೆ, ಕೆಳಗೆ ನಮ್ಮತನಕ ಬರಲ್ಲ. ಜಾತಿ ಪ್ರಮಾಣಪತ್ರ, ಆದಾಯ, ಆಧಾರ್, ಮಕ್ಕಳ ಸ್ಕಾಲರ್‌ಶಿಪ್‌ನ ಬ್ಯಾಂಕ್ ಖಾತೆ, ಎಲ್ಲಾ ಕೊಟ್ಟವರು ನಾವು. ಸೋರಿದ್ರೆ ಮೊದಲು ತಿಳಿಯಬೇಕಾದವರೂ ನಾವೇ. ಸಂಬಂಧಪಟ್ಟ ವ್ಯಕ್ತಿಗೆ ತಿಳಿಸಬೇಕು ಅಂತ 2023ರ ಡೇಟಾ ಸಂರಕ್ಷಣಾ ಕಾಯ್ದೆಯೇ ಹೇಳುತ್ತೆ.

ಆದ್ದರಿಂದ ಸಂಘಟನೆಯವರಲ್ಲಿ ಒಂದು ಕೋರಿಕೆ. ಸ್ಕಾಲರ್‌ಶಿಪ್, ಹಾಸ್ಟೆಲ್ ವಿಚಾರಕ್ಕೆ ಮನವಿ ಪತ್ರ ಕೊಡುವಾಗ ಈ ಪ್ರಶ್ನೆಗಳನ್ನೂ ಸೇರಿಸಿ. ಈ ಸರ್ವರ್‌ಗೆ ಪ್ಯಾಚ್ ಹಾಕೋ ಜವಾಬ್ದಾರಿ ಯಾವ ಹುದ್ದೆಯದು? ಆ ಹುದ್ದೆ ಖಾಯಂ ಇದೆಯಾ? ಮಾಹಿತಿ ಸೋರಿದ್ರೆ ಅರ್ಜಿದಾರರಿಗೆ ಎಷ್ಟು ದಿನದಲ್ಲಿ ತಿಳಿಸ್ತೀರಿ? ಉತ್ತರವನ್ನು ಬಾಯಿಮಾತಲ್ಲಿ ಒಪ್ಪಿಕೊಳ್ಳಬೇಡಿ, ಬರವಣಿಗೆಯಲ್ಲೇ ಕೇಳಿ. ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬನ್ನಿ.

ಜೈಭೀಮ್.