ಕುರ್ಚಿ ಹೊರುವ ಮಕ್ಕಳಿಗೆ ಲೆಕ್ಕದ ಪುಸ್ತಕವನ್ನೂ ಕೊಡೋಣ

ನಮ್ಮ ಸಂಘದ ವಾರ್ಷಿಕೋತ್ಸವ ಬಂದಾಗಲೆಲ್ಲ ಒಂದು ದೃಶ್ಯ ಕಣ್ಣಿಗೆ ಬೀಳುತ್ತದೆ. ಹೈಸ್ಕೂಲು ಓದುವ ನಮ್ಮ ಮಕ್ಕಳು ಕುರ್ಚಿ ಹೊರುತ್ತಾರೆ, ತೋರಣ ಕಟ್ಟುತ್ತಾರೆ, ನೀರು ಹಂಚುತ್ತಾರೆ. ಹಿರಿಯರಾದ ನಾವು ವೇದಿಕೆಯ ಮೇಲೆ ಕುಳಿತು, ಇಂದಿನ ಮಕ್ಕಳೇ ನಾಳಿನ ನಾಯಕರೆಂದು ಗಂಟೆಗಟ್ಟಲೆ ಭಾಷಣ ಮಾಡುತ್ತೇವೆ. ಭಾಷಣ ಮುಗಿದ ಮೇಲೆ ಕುರ್ಚಿ ಎತ್ತಿಡುವವರೂ ಅವರೇ. ನಾಳಿನ ನಾಯಕರಿಗೆ ನಾವು ಕೊಟ್ಟ ಶಿಕ್ಷಣ ಇಷ್ಟೇ. ತಪ್ಪು ನಮ್ಮದು, ಮೊದಲು ಒಪ್ಪಿಕೊಳ್ಳೋಣ.

ಇದರ ಫಲವೇನಾಗಿದೆ? ಒಳ್ಳೆಯ ಅಂಕ ತೆಗೆದ ಹುಡುಗ ಕೆಲಸ ಕೇಳಲು ಹೋಗುತ್ತಾನೆ. ‘ಇದುವರೆಗೆ ಯಾವ ಜವಾಬ್ದಾರಿ ಹೊತ್ತಿದ್ದೀಯಪ್ಪಾ?’ ಎಂದು ಕೇಳಿದರೆ ನೆಲ ನೋಡುತ್ತಾನೆ. ಅವನನ್ನು ದೂರಿ ಪ್ರಯೋಜನವಿಲ್ಲ. ‘ಎದುರು ಮಾತಾಡಬೇಡ, ಸುಮ್ಮನೆ ಓದು’ ಎಂದು ಬೆಳೆಸಿದವರು ನಾವು. ಧನಿಯ ಮುಂದೆ ತಲೆ ತಗ್ಗಿಸಿ ದುಡಿದ ನಮ್ಮ ಅಭ್ಯಾಸವನ್ನೇ ಮಕ್ಕಳಿಗೂ ಆಸ್ತಿಯಂತೆ ಬಿಟ್ಟುಕೊಡುತ್ತಿದ್ದೇವೆ.

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳನ್ನು ನೆನೆಯಿರಿ. ಹಗಲೆಲ್ಲ ಕಪ್ಪು ಬಸಿ ತೊಳೆದು, ಟೇಬಲ್ ಒರೆಸಿ, ರಾತ್ರಿ ತೂಕಡಿಸುತ್ತಲೇ ಪಾಠ ಕೇಳಿದ ಹುಡುಗರು ಮುಂದೆ ಗಲ್ಲೆಯ ಮೇಲೆ ಕುಳಿತರು, ಕಚೇರಿ ಸೇರಿದರು, ಸಂಘ ಕಟ್ಟಿದರು. ಅಕ್ಷರವನ್ನು ಶಾಲೆ ಕಲಿಸಿತು. ಹೊತ್ತಿಗೆ ಸರಿಯಾಗಿ ನಡೆಯುವುದನ್ನೂ ಜನರೊಡನೆ ವ್ಯವಹರಿಸುವುದನ್ನೂ ಕೆಲಸ ಕಲಿಸಿತು. ಹಾಗೆಂದು ಆ ಕಷ್ಟ ಮರಳಿ ಬರಲೆಂದು ನಾವು ಹೇಳುತ್ತಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು ಸರಕಾರ 2006ರ ಅಕ್ಟೋಬರ್ 10ರಿಂದ ನಿಷೇಧಿಸಿದ್ದು ನ್ಯಾಯವೇ ಸರಿ. ಕಷ್ಟ ಹೋಗಲಿ, ಅದರ ಜೊತೆಗೆ ಬರುತ್ತಿದ್ದ ಹೊಣೆಗಾರಿಕೆಯ ಪಾಠವೂ ಹೋಗಬೇಕೇ?

ನಾಯಕತ್ವವೆಂದರೆ ದರ್ಬಾರು ಎಂದು ಕೆಲವರು ತಿಳಿದಿದ್ದಾರೆ. ಗಿರಣಿಯ ಜಾಬರನ ದರ್ಬಾರನ್ನು ನಮ್ಮ ಹಿರಿಯರು ಕಂಡಿದ್ದರು. ಕೆಲಸ ಕೊಡುವವನೂ ಅವನೇ, ಕೀಳುವವನೂ ಅವನೇ, ಕೈ ಬಿಸಿ ಮಾಡಿಸಿಕೊಳ್ಳುವವನೂ ಅವನೇ. ಅದು ನಾಯಕತ್ವವಲ್ಲ. ನಾಲ್ಕು ಜನರ ಮಾತು ಕೇಳುವುದು, ಕೆಲಸ ಹಂಚುವುದು, ಕೈಗೆ ಬಂದ ಕಾಸಿಗೆ ಲೆಕ್ಕ ಒಪ್ಪಿಸುವುದು, ತಪ್ಪಾದರೆ ‘ನನ್ನದು’ ಎನ್ನುವುದು—ಇದೇ ನಾಯಕತ್ವ.

ಜಾರ್ಜ್ ಫರ್ನಾಂಡಿಸರನ್ನು ನೋಡಿ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರು ಇನ್ನೂ ಹತ್ತೊಂಬತ್ತರ ಹರೆಯದಲ್ಲೇ ಅಲ್ಲಿನ ಹೋಟೆಲು ಮತ್ತು ಸಾರಿಗೆ ಕೆಲಸಗಾರರ ನಡುವೆ ಓಡಾಡಿ ಸಂಘಟನೆ ಕಲಿತರು. ಆಮೇಲೆ ಮುಂಬಯಿಗೆ ಬಂದರು. 1961ರಲ್ಲಿ ಇಲ್ಲಿಯ ನಗರಪಾಲಿಕೆಗೂ, 1967ರಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೂ ಆರಿಸಿ ಹೋದರು. ಅವರ ರಾಜಕೀಯವನ್ನು ಒಪ್ಪುವುದೂ ಬಿಡುವುದೂ ಬೇರೆ ಮಾತು. ಅವರು ಮೊದಲು ಕಲಿತದ್ದು ಜನರ ನಡುವೆ, ಎಳೆಯ ವಯಸ್ಸಿನಲ್ಲಿ, ಎಂಬುದಷ್ಟೇ ನಮಗೆ ಮುಖ್ಯ.

ಎಲ್ಲರೂ ಲೋಕಸಭೆಗೆ ಹೋಗಬೇಕಿಲ್ಲ. 1982ರ ಜನವರಿ 18ರಂದು ಮುಂಬಯಿಯ ಗಿರಣಿಗಳಲ್ಲಿ ದೊಡ್ಡ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ನಿಂತರು. ಅನೇಕರು ಮತ್ತೆ ಒಳಗೆ ಹೋಗಲೇ ಇಲ್ಲ. ಒಂದೇ ಮಗ್ಗವನ್ನು ನಂಬಿದ್ದವರ ಪಾಡು ನಮ್ಮ ಚಾಳುಗಳಿಗೆ ಗೊತ್ತು. ಕಸಬು ಕೈಬಿಡಬಹುದು, ಹತ್ತು ಜನರನ್ನು ಕೂಡಿಸಿ ಕೆಲಸ ಸಾಗಿಸುವ ಗುಣ ಯಾವ ಕಸಬಿಗೂ ಒದಗುತ್ತದೆ.

ಆದುದರಿಂದ ನಮ್ಮ ಸೂಚನೆ ಇದು. ಮುಂದಿನ ವಾರ್ಷಿಕೋತ್ಸವದ ಒಂದು ಭಾಗವನ್ನು ಎಂಟರಿಂದ ಹತ್ತನೆಯ ತರಗತಿಯ ಮಕ್ಕಳಿಗೇ ವಹಿಸೋಣ. ಊಟೋಪಚಾರದ ಖರ್ಚನ್ನು ಅವರೇ ಅಂದಾಜು ಮಾಡಲಿ, ಅಂಗಡಿಗೆ ಹೋಗಿ ದರ ಕೇಳಲಿ, ಚೀಟಿ ಕಾದಿಡಲಿ, ಸಭೆಯ ಮುಂದೆ ಲೆಕ್ಕ ಓದಲಿ. ಕಮಿಟಿಯ ನಡಾವಳಿಯನ್ನು ಒಬ್ಬ ಹುಡುಗಿ ಬರೆಯಲಿ. ಬ್ಯಾಂಕಿನ ಅರ್ಜಿ ತುಂಬಲು ತಿಳಿಯದ ಹಿರಿಯರಿಗೆ ಭಾನುವಾರ ಇಬ್ಬರು ಮಕ್ಕಳು ನೆರವಾಗಲಿ. ಸರದಿ ಎಲ್ಲರಿಗೂ ಬರಲಿ. ಪ್ರತಿ ಸಲವೂ ಅಧ್ಯಕ್ಷರ ಮಗನೇ ಮುಂದಾಳಾದರೆ ಮಿಕ್ಕವರು ಕಲಿಯುವುದು ಬಾಲ ಹಿಡಿಯುವುದನ್ನು ಮಾತ್ರ.

‘ಮಕ್ಕಳು ದುಡ್ಡು ಹಾಳುಮಾಡಿದರೆ?’ ಎಂದು ಕೇಳುವವರಿದ್ದಾರೆ. ಹಾಳಾದರೆ ಎಷ್ಟಾದೀತು? ನಾವು ಹಾಳುಮಾಡಿದ್ದಕ್ಕಿಂತ ಹೆಚ್ಚಾಗದು. ‘ಪರೀಕ್ಷೆ ಇದೆಯಲ್ಲ?’ ಎಂದರೆ, ವಾರಕ್ಕೆ ಎರಡು ಗಂಟೆ ಹೆಚ್ಚೇನಲ್ಲ; ಪರೀಕ್ಷೆಯ ತಿಂಗಳು ಬಿಟ್ಟುಬಿಡೋಣ. 1926ರ ಕಾರ್ಮಿಕ ಸಂಘಗಳ ಕಾಯಿದೆಯೇ 15 ವರ್ಷ ತುಂಬಿದವರಿಗೆ ಸಂಘದ ಸದಸ್ಯರಾಗುವ ಹಕ್ಕು ಕೊಟ್ಟಿತ್ತು. ಕಾಯಿದೆ ಮಾಡಿದವರು ನಂಬಿದ ವಯಸ್ಸನ್ನು ಹೆತ್ತವರಾದ ನಾವು ನಂಬಬಾರದೇ?

ಬಂಧುಗಳೇ, ನಮ್ಮ ಕಮಿಟಿಯಲ್ಲಿ ಈಗ ಕರಿಗೂದಲಿನ ತಲೆ ಹುಡುಕಬೇಕಾಗಿದೆ. ನಾಳೆ ಈ ಸಂಘದ ಬೀಗದ ಕೈಯನ್ನು ಯಾರ ಕೈಗೆ ಕೊಡುತ್ತೇವೆ? ಆ ಕೈ ಇಂದೇ ಪಳಗಬೇಕು. ಈ ಸಲ ಕುರ್ಚಿಗಳನ್ನು ನಾವೂ ಹೊರೋಣ. ಲೆಕ್ಕದ ಪುಸ್ತಕ ಮಕ್ಕಳ ಕೈಯಲ್ಲಿರಲಿ.