ಅವಳಿ ಮಕ್ಕಳ ಆತುರ ಮತ್ತು ತಾಯಿಯ ಪ್ರಾಣ

ಸಂತಾನವು ಅಲ್ಲಾಹನ ದಾನ. ಪ್ರವಾದಿ ಝಕರಿಯ್ಯಾ(ಅ) ಇಳಿವಯಸ್ಸಿನಲ್ಲಿ ಮಗುವಿಗಾಗಿ ಪ್ರಾರ್ಥಿಸಿದ ಪ್ರಸಂಗವು ಪವಿತ್ರ ಕುರ್‌ಆನ್‌ನಲ್ಲಿದೆ. ಆದ್ದರಿಂದ ಮಕ್ಕಳಿಲ್ಲದ ದಂಪತಿಗಳು ಚಿಕಿತ್ಸೆ ಪಡೆಯುವುದನ್ನು ನಾವು ಆಕ್ಷೇಪಿಸುವುದಿಲ್ಲ. ವಿವಾಹ ಬಂಧನದೊಳಗೆ, ಪತಿ-ಪತ್ನಿಯರ ಬೀಜಗಳಿಂದಲೇ ನಡೆಯುವ ಐವಿಎಫ್ ಚಿಕಿತ್ಸೆಯನ್ನು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1986ರಲ್ಲೇ ಅನುಮತಿಸಿದೆ. ನಮ್ಮ ಆಕ್ಷೇಪವಿರುವುದು, “ಇಷ್ಟು ಹಣ ಸುರಿಯುವಾಗ ಎರಡೋ ಮೂರೋ ಭ್ರೂಣ ಇರಿಸಿಬಿಡಿ, ಒಂದೇ ಖರ್ಚಿನಲ್ಲಿ ಮನೆ ತುಂಬಲಿ” ಎಂಬ ಬೇಡಿಕೆಯ ಬಗ್ಗೆ.

ಈ ಬೇಡಿಕೆಯ ಬೆಲೆಯನ್ನು ತೆರುವವರು ತಾಯಿ ಮತ್ತು ಶಿಶುಗಳು. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ತ್ರಿವಳಿಗಳು ಇನ್ನೂ ಬೇಗ. ತಾಯಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೆರಿಗೆಯ ನಂತರದ ರಕ್ತಸ್ರಾವಗಳ ಅಪಾಯ ಹೆಚ್ಚುತ್ತದೆ. ಉಳಿಸಿದೆವೆಂದುಕೊಂಡ ಹಣವು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಕರಗುತ್ತದೆ.

ಒಂದೇ ಭ್ರೂಣ ಇರಿಸಿದರೆ ಮಗುವಾಗುವುದೇ ಇಲ್ಲವೆಂಬ ಭಯಕ್ಕೂ ಆಧಾರವಿಲ್ಲ. ಸ್ವೀಡನ್‌ನ ಸಂಶೋಧಕರ ನೇತೃತ್ವದಲ್ಲಿ 36 ವರ್ಷದೊಳಗಿನ ಮಹಿಳೆಯರಲ್ಲಿ ನಡೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಒಮ್ಮೆಲೇ ಎರಡು ಭ್ರೂಣ ಇರಿಸಿದವರಲ್ಲಿ ಶೇ. 43ರಷ್ಟು ಮಂದಿಗೆ ಮಗುವಾಯಿತು. ಒಂದನ್ನಿರಿಸಿ, ಅದು ನಿಲ್ಲದಿದ್ದಾಗ ಶೀತಲೀಕರಿಸಿಟ್ಟ ಇನ್ನೊಂದನ್ನು ಇರಿಸಿದವರಲ್ಲಿ ಶೇ. 39ರಷ್ಟು ಮಂದಿಗೆ ಆಯಿತು. ಆದರೆ ಮೊದಲ ಗುಂಪಿನ ಹೆರಿಗೆಗಳಲ್ಲಿ ಮೂರನೇ ಒಂದು ಭಾಗ ಬಹುಶಿಶು ಹೆರಿಗೆಗಳಾದರೆ, ಎರಡನೆಯದರಲ್ಲಿ ಅವು ಶೇ. 1ಕ್ಕಿಂತಲೂ ಕಡಿಮೆ. ವಯಸ್ಸು ಮೀರಿದವರ ವಿಷಯದಲ್ಲಿ ವೈದ್ಯರ ತೀರ್ಮಾನ ಬೇರೆಯಾಗಬಹುದು. ಆದರೆ ಅದು ವೈದ್ಯಕೀಯ ತೀರ್ಮಾನವಾಗಿರಬೇಕೇ ಹೊರತು ಬಂಧುಗಳ ಒತ್ತಡವಲ್ಲ.

“ಭ್ರೂಣವನ್ನು ವ್ಯರ್ಥಗೊಳಿಸುವುದು ಪಾಪವಲ್ಲವೇ, ಎಲ್ಲವನ್ನೂ ಇರಿಸಬೇಕು” ಎಂದು ವಾದಿಸುವವರೂ ಇದ್ದಾರೆ. ಹೆಚ್ಚುವರಿ ಭ್ರೂಣದ ಸಮಸ್ಯೆಯನ್ನು ಹೆಣ್ಣಿನ ಗರ್ಭದೊಳಗೆ ಪರಿಹರಿಸಬೇಕೆಂದು ಶರೀಅತ್ ಹೇಳಿಲ್ಲ. ಒಂದು ಬಾರಿಗೆ ಬೇಕಾದಷ್ಟೇ ಅಂಡಗಳನ್ನು ಫಲಿತಗೊಳಿಸಬೇಕೆಂದು ಅದೇ ಅಕಾಡೆಮಿಯು 1990ರಲ್ಲಿ ನಿರ್ಣಯಿಸಿತು. ಅದೇ ದಂಪತಿಗಳು ದಾಂಪತ್ಯವಿರುವಾಗಲೇ ಬಳಸುವ ಷರತ್ತಿನೊಂದಿಗೆ ಭ್ರೂಣವನ್ನು ಶೀತಲೀಕರಿಸಿಡಲು ಅನುಮತಿಸಿದ ವಿದ್ವಾಂಸರೂ ಇದ್ದಾರೆ. ಇದಕ್ಕೆ ವ್ಯತಿರಿಕ್ತವಾಗಿ ಎಲ್ಲವನ್ನೂ ಇರಿಸಿ, ಮೂರು ನಾಲ್ಕು ಬೆಳೆದ ನಂತರ ಕೆಲವನ್ನು ಇಲ್ಲವಾಗಿಸಬಹುದೇ ಎಂದು ಉಲಮಾಗಳ ಬಾಗಿಲು ತಟ್ಟುವುದು ಯಾವ ಭಕ್ತಿ?

ಅಪಾಯವು ಐವಿಎಫ್‌ಗೆ ಸೀಮಿತವಲ್ಲ. ಅಂಡೋತ್ಪತ್ತಿಗಾಗಿ ನೀಡುವ ಮಾತ್ರೆ, ಇಂಜೆಕ್ಷನ್‌ಗಳಿಂದಲೂ ಹಲವು ಅಂಡಗಳು ಒಮ್ಮೆಲೇ ಪಕ್ವವಾಗಬಹುದು. ಸ್ಕ್ಯಾನ್ ಮಾಡಿಸದೆ ಅವನ್ನು ಸೇವಿಸಬಾರದು. ಅಂಡಗಳು ಹೆಚ್ಚಾಗಿ ಕಂಡರೆ ಆ ತಿಂಗಳ ಪ್ರಯತ್ನವನ್ನು ಕೈಬಿಡುವುದೇ ವಿವೇಕ.

“ಎಲ್ಲವೂ ತಕ್ದೀರ್” ಎಂಬುದು ಕೊನೆಯ ಉತ್ತರ. ಸಹಜವಾಗಿ ಬಂದ ಅವಳಿಗಳು ಅಲ್ಲಾಹನ ಅನುಗ್ರಹವೇ ಸರಿ. ಆದರೆ ಎಷ್ಟು ಭ್ರೂಣ ಇರಿಸಬೇಕೆಂಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ನಾವು. ನಾವೇ ಆರಿಸಿಕೊಂಡದ್ದಕ್ಕೆ ನಾವೇ ಉತ್ತರದಾಯಿಗಳು. ಪತ್ನಿಯ ದೇಹವು ಪತಿಯ ಕೈಯಲ್ಲಿರುವ ಅಮಾನತ್. ಹುಟ್ಟಲಿರುವ ಮಗುವಿಗೆ ಆರೋಗ್ಯವಾಗಿ ಹುಟ್ಟುವ ಹಕ್ಕಿದೆ. ಒಂದನ್ನು ಬೇಡೋಣ, ತಾಯಿ ಮಗು ಇಬ್ಬರ ಕ್ಷೇಮಕ್ಕಾಗಿ ಪ್ರಾರ್ಥಿಸೋಣ. ಇನ್ನೊಂದು ಬೇಕೆನಿಸಿದರೆ ಕೊಡುವ ಒಡೆಯನ ಭಂಡಾರವು ಬರಿದಾಗುವಂಥದ್ದಲ್ಲ.